ಕುದುರೆ ಕಾಲಿಗೆ ಬೂಟು, ಸವಾರಳ ತಲೆಗೆ ದೇವರೇ ಗತಿ

ಟೆಕ್ಸಾಸಿನ ಯಾವ ರೋಡಿಯೋ ಮೈದಾನವಾದರೂ ಸರಿ, ಅದರ ಹಿಂಬದಿಗೆ ಹೋಗಿ ನೋಡಿ. ಬ್ಯಾರೆಲ್ ರೇಸಿಗೆ ಕುದುರೆ ಸಜ್ಜಾಗುತ್ತಿರುತ್ತದೆ. ಮುಂಗಾಲಿಗೆ ಒಂದು ಬಗೆಯ ಕವಚ. ಹಿಂಗಾಲಿಗೆ ಇನ್ನೊಂದು ಬಗೆ, ಗಕ್ಕನೆ ತಿರುಗುವಾಗ ಗೆಣ್ಣು ತರಚಬಾರದಲ್ಲ. ಗೊರಸಿನ ಸುತ್ತ ರಬ್ಬರಿನ ಬೂಟು, ತನ್ನ ಹಿಂಗಾಲು ತನ್ನದೇ ಮುಂಗಾಲಿಗೆ ಬಡಿಯಬಾರದಲ್ಲ. ಜೀನಿನಡಿ ದಪ್ಪ ಮೆತ್ತೆ, ಬೆನ್ನು ಹಿಡಿದುಕೊಳ್ಳಬಾರದಲ್ಲ. ಓಟ ಮುಗಿದ ಮೇಲೆ ಕಾಲಿಗೆ ಮಂಜುಗಡ್ಡೆಯ ಉಪಚಾರ ಬೇರೆ.

ಇಷ್ಟೆಲ್ಲ ಆದ ಮೇಲೆ ಹದಿನಾರರ ಹುಡುಗಿ ಹತ್ತಿ ಕೂರುತ್ತಾಳೆ. ತಲೆಯ ಮೇಲೆ ಹ್ಯಾಟು. ಮೊಲದ ತುಪ್ಪಳದ್ದು. ಅಪ್ಪನ ಜೇಬು ದಪ್ಪಗಿದ್ದರೆ ಬೀವರಿನದು.

ಮುಗಿಯಿತು. ಸುರಕ್ಷತೆ ಸಂಪೂರ್ಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದಲ್ಲಿ ತ್ರಿಕೋನದ ಮೂರು ಮೂಲೆಗೆ ಮೂರು ಡ್ರಮ್ಮು. ನಮ್ಮ ಕಡೆ ರಸ್ತೆ ಕಾಮಗಾರಿಯವರು ಟಾರು ತುಂಬಿ ನಿಲ್ಲಿಸಿರುತ್ತಾರಲ್ಲ, ಅದೇ ಇನ್ನೂರು ಲೀಟರಿನ ಕಬ್ಬಿಣದ ಡ್ರಮ್ಮು. ಹುಡುಗಿ ನಾಗಾಲೋಟದಲ್ಲೇ ಒಳಗೆ ನುಗ್ಗಬೇಕು. ಒಂದನ್ನು ಒಂದು ಕಡೆಯಿಂದ ಸುತ್ತಿ, ಉಳಿದೆರಡನ್ನು ಇನ್ನೊಂದು ಕಡೆಯಿಂದ ಸುತ್ತಿ, ಬಂದ ದಾರಿಯಲ್ಲೇ ಬಾಣದಂತೆ ಹೊರಬೀಳಬೇಕು. ದೊಡ್ಡ ಮೈದಾನದಲ್ಲಿ ಹದಿನೇಳು ಸೆಕೆಂಡಿನ ಆಟ. ಲಾಸ್ ವೇಗಸ್ಸಿನ ಚಿಕ್ಕ ಮೈದಾನದಲ್ಲಿ ಹದಿನಾಲ್ಕರ ಆಸುಪಾಸು. ಗೆಲುವು ಸೋಲು ಸೆಕೆಂಡಿನ ನೂರನೇ ಪಾಲಿನಲ್ಲಿ ತೀರ್ಮಾನವಾಗುತ್ತದೆ.

ಡ್ರಮ್ಮು ಬಿದ್ದರೆ ಐದು ಸೆಕೆಂಡು ದಂಡ. ಹುಡುಗಿಯೇ ಬಿದ್ದರೆ ಫಲಕದ ಮೇಲೆ 'ನೋ ಟೈಮ್' ಎಂದು ಬರೆದು ಮುಂದಿನ ಹೆಸರು ಕೂಗುತ್ತಾರೆ.

ಕುದುರೆ ಸುಮಾರು ಐನೂರು ಕಿಲೋ ತೂಗುತ್ತದೆ. ಡ್ರಮ್ಮು ಸುತ್ತುವಾಗ ಅದು ನೆಲಕ್ಕೆ ವಾಲಿಕೊಂಡಿರುತ್ತದೆ. ಕಾಲು ಜಾರಿತೆನ್ನಿ, ಬೀಳುವುದು ಪಕ್ಕಕ್ಕೆ, ಸವಾರಳನ್ನು ಕೆಳಗೆ ಹಾಕಿಕೊಂಡು. ಇದು ಆ ಕಣದಲ್ಲಿರುವ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಕೆಲವು ಕುದುರೆ ಓಡಿ ಮುಗಿದ ಹಾಗೆಲ್ಲ ಟ್ರ್ಯಾಕ್ಟರ್ ತಂದು ಮಣ್ಣು ಕೆದಕಿ ಹದ ಮಾಡುತ್ತಾರೆ. ಮಣ್ಣು ಗಟ್ಟಿಯಾಯಿತು, ಸಡಿಲವಾಯಿತು, ನೀರು ಹೆಚ್ಚಾಯಿತು ಅಂತ ಆಯೋಜಕರ ಜೊತೆ ಗಂಟೆಗಟ್ಟಲೆ ಜಗಳವಾಡುತ್ತಾರೆ. ಕುದುರೆಯ ಗೊರಸು ಊರುವ ಮಣ್ಣಿನ ಬಗ್ಗೆ ಇಷ್ಟು ಕಾಳಜಿ. ಅದೇ ಮಣ್ಣಿಗೆ ಬಡಿಯಬಹುದಾದ ತಲೆಯ ಬಗ್ಗೆ ಮಾತೆತ್ತಿ ನೋಡಿ. 'ಇದು ನಮ್ಮ ಸಂಪ್ರದಾಯ' ಎಂಬ ಉತ್ತರ ಬರುತ್ತದೆ.

ಸಂಪ್ರದಾಯಕ್ಕೆ ಆಮೇಲೆ ಬರೋಣ. ಮೊದಲು ಈ ಹ್ಯಾಟಿನ ಸಾಮರ್ಥ್ಯ ನೋಡಿ. ಹುಡುಗಿ ಮೊದಲನೇ ಡ್ರಮ್ಮು ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಅದು ಹಾರಿಹೋಗಿರುತ್ತದೆ. ತಲೆ ಬೀಳುವ ಮೊದಲೇ ತಾನು ಬಿದ್ದು ತೋರಿಸುವ ರಕ್ಷಾಕವಚ ಜಗತ್ತಿನಲ್ಲಿ ಇದೊಂದೇ ಇರಬೇಕು. ಮೈದಾನದ ಆಳು ಓಡಿಹೋಗಿ ಎತ್ತಿ, ಧೂಳು ಕೊಡವಿ, ಭಕ್ತಿಯಿಂದ ತಂದುಕೊಡುತ್ತಾನೆ. ಹ್ಯಾಟಿಗೆ ಪೆಟ್ಟಾಗಿಲ್ಲವೆಂದು ಎಲ್ಲರಿಗೂ ಸಮಾಧಾನ.

ಈ ಜನ ಅಪಾಯವನ್ನು ಲೆಕ್ಕಿಸದವರು ಅಂದುಕೊಳ್ಳಬೇಡಿ. ಮಹಾ ಎಚ್ಚರಿಕೆಯವರು. ಹ್ಯಾಟನ್ನು ಹಾಸಿಗೆಯ ಮೇಲೆ ಇಡುವುದಿಲ್ಲ, ಅಪಶಕುನ. ಎಷ್ಟೋ ಮಂದಿ ಹಳದಿ ಅಂಗಿ ತೊಟ್ಟು ಕಣಕ್ಕಿಳಿಯುವುದಿಲ್ಲ, ಅದೂ ಅಪಶಕುನ. ಆಟ ಶುರುವಾಗುವ ಮುಂಚೆ ರಾಷ್ಟ್ರಗೀತೆ, ಅದರ ಜೊತೆಗೆ ಪ್ರಾರ್ಥನೆ. ಸಾವಿರಾರು ಜನ ಹ್ಯಾಟು ತೆಗೆದು ಎದೆಗೊತ್ತಿಕೊಂಡು, ಸವಾರರನ್ನು ಕಾಪಾಡಪ್ಪಾ ಎಂದು ದೇವರನ್ನು ಬೇಡುತ್ತಾರೆ. ಬೇಡಿ, ಅದೇ ಹ್ಯಾಟನ್ನು ಮತ್ತೆ ತಲೆಗಿಟ್ಟುಕೊಳ್ಳುತ್ತಾರೆ. ದೇವರು ಅರವತ್ತು ಎಪ್ಪತ್ತು ಡಾಲರಿಗೆ ಅಂಗಡಿಯಲ್ಲಿ ಹೆಲ್ಮೆಟ್ ಇಡಿಸಿದ್ದಾನೆ. ಇನ್ನೇನು ಮಾಡಬೇಕಿತ್ತು ಅವನು? ಬಂದು ಬಕಲ್ ಹಾಕಬೇಕಿತ್ತೇ?

ಈಗ ಹ್ಯೂಸ್ಟನ್ನಿಗೆ ಬನ್ನಿ. ಮಾರ್ಚ್ ತಿಂಗಳಲ್ಲಿ ಅಲ್ಲಿ ನಡೆಯುವ ಜಾನುವಾರು ಪ್ರದರ್ಶನ ಮತ್ತು ರೋಡಿಯೋ ದೊಡ್ಡ ಜಾತ್ರೆ. ಅದರಲ್ಲಿ ಪುಟ್ಟ ಮಕ್ಕಳಿಗೊಂದು ಆಟ, ಮಟನ್ ಬಸ್ಟಿಂಗ್. ಐದಾರು ವರ್ಷದ ಕೂಸನ್ನು ಕುರಿಯ ಮೇಲೆ ಬೋರಲು ಮಲಗಿಸಿ ಬಿಡುತ್ತಾರೆ. ಕುರಿ ನಾಲ್ಕು ಮಾರು ಓಡುತ್ತದೆ. ಮಗು ಉದುರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಆ ಮಗುವಿಗೆ ತಲೆಗೆ ಹೆಲ್ಮೆಟ್, ಮುಖಕ್ಕೆ ಕಂಬಿಯ ಜಾಲರಿ, ಎದೆಗೆ ರಕ್ಷಾ ಅಂಗಿ. ಇಲ್ಲದಿದ್ದರೆ ಕುರಿಯ ಹತ್ತಿರವೂ ಬಿಡುವುದಿಲ್ಲ.

ಕುರಿಯ ಮೇಲಿಂದ ಬೀಳುವ ಎತ್ತರ ನನ್ನ ಮೊಣಕಾಲಿನಷ್ಟು.

ಅದೇ ಊರು, ಅದೇ ಜಾತ್ರೆ, ಅದೇ ಮಣ್ಣು. ಆ ಮಗು ಬೆಳೆದು ಕುರಿಯ ಬದಲು ಕುದುರೆ ಹತ್ತಿದರೆ ಹೆಲ್ಮೆಟ್ ಹೋಗಿ ಹ್ಯಾಟು ಬರುತ್ತದೆ. ವಯಸ್ಸಾದಂತೆ ತಲೆಬುರುಡೆ ತಾನೇ ಗಟ್ಟಿಯಾಗುತ್ತದೆಂಬ ಯಾವುದೋ ಗುಪ್ತ ವಿಜ್ಞಾನ ಟೆಕ್ಸಾಸಿನವರ ಕೈಸೇರಿದೆ.

ರೋಡಿಯೋದ ಇನ್ನೊಂದು ಆಟ ಗೂಳಿ ಸವಾರಿ. ಅದರ ಸವಾರರ ಸಂಘ ಈ ವಿಜ್ಞಾನಕ್ಕೆ ತಾರೀಖನ್ನೂ ಗೊತ್ತುಮಾಡಿದೆ. 1994ರ ಅಕ್ಟೋಬರ್ 15ರಂದು ಅಥವಾ ಆಮೇಲೆ ಹುಟ್ಟಿದವರು ಹೆಲ್ಮೆಟ್ ಹಾಕಲೇಬೇಕು, ಅದಕ್ಕೂ ಮೊದಲು ಹುಟ್ಟಿದವರದು ಅವರವರ ಇಷ್ಟ. ಅಕ್ಟೋಬರ್ 14ರ ರಾತ್ರಿ ಹುಟ್ಟಿದವನ ತಲೆ ಕಲ್ಲು. ಬೆಳಗಾಗುವಷ್ಟರಲ್ಲಿ ಹುಟ್ಟಿದವನದು ಮೊಟ್ಟೆ. ಗೂಳಿಗೆ ಜನನ ಪ್ರಮಾಣಪತ್ರ ತೋರಿಸುವ ಏರ್ಪಾಡು ಇದೆಯೋ ಇಲ್ಲವೋ.

ಆದರೂ ಗಂಡಸರ ವಿಷಯದಲ್ಲಿ ಏನೋ ಒಂದಿಷ್ಟು ನಡೆದಿದೆ ಅನ್ನಬೇಕು. 1989ರಲ್ಲಿ ಶಾಯೆನ್ ರೋಡಿಯೋದಲ್ಲಿ ಲೇನ್ ಫ್ರಾಸ್ಟ್ ಎಂಬ ಚಾಂಪಿಯನ್ ಗೂಳಿಯಿಂದ ಇಳಿದ ಮೇಲೆ ಅದರ ಕೊಂಬಿನ ಹೊಡೆತಕ್ಕೆ ಸಿಕ್ಕಿ ಸತ್ತ. ಇಪ್ಪತ್ತೈದು ವರ್ಷ. ಅವನ ಗೆಳೆಯ ಕೋಡಿ ಲ್ಯಾಂಬರ್ಟ್ ಕೂತು ಎದೆ ಪಕ್ಕೆಲುಬು ಕಾಯುವ ಅಂಗಿಯೊಂದನ್ನು ರೂಪಿಸಿದ. ಕೆಲವೇ ವರ್ಷಗಳಲ್ಲಿ ಅದು ಗೂಳಿ ಸವಾರರಿಗೆ ಕಡ್ಡಾಯವಾಯಿತು. ಅಂಗಿ ತೊಟ್ಟದ್ದರಿಂದ ಯಾರ ಮೀಸೆಯೂ ಉದುರಲಿಲ್ಲ.

ಹೆಂಗಸರ ಕಥೆ ಬೇರೆ. ಅದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು, ಯಾಕೆಂದರೆ ಈ 'ಸಂಪ್ರದಾಯ' ಎಂಬುದರ ಹುಟ್ಟು ಅಲ್ಲಿದೆ.

1929. ಒರೆಗಾನಿನ ಪೆಂಡಲ್ಟನ್. ಬಾನಿ ಮೆಕ್ಯಾರಲ್ ಎಂಬ ಹೆಸರಾಂತ ಸವಾರಳು ಪಳಗದ ಕುದುರೆ ಹತ್ತಿದಳು. ಹೌದು, ಆಗ ಹೆಂಗಸರು ಗಂಡಸರಂತೆಯೇ ಒದೆಯುವ ಕುದುರೆ ಹತ್ತುತ್ತಿದ್ದರು. ಎರಡೂ ರಿಕಾಪುಗಳನ್ನು ಕುದುರೆಯ ಹೊಟ್ಟೆಯಡಿ ಬಿಗಿದು ಸವಾರಿ ಮಾಡುವ ರೂಢಿಯೊಂದು ಹೆಂಗಸರಲ್ಲಿತ್ತು. ಕುದುರೆ ಮಗುಚಿತು. ಕಾಲು ರಿಕಾಪಿನಲ್ಲೇ ಸಿಕ್ಕಿಕೊಂಡಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು.

ಪೆಂಡಲ್ಟನ್ನಿನ ಹಿರಿಯರು ಏನು ಮಾಡಿದರು? ರಿಕಾಪು ಬಿಚ್ಚಿಸಿದರೇ? ಇಲ್ಲ. ಹೆಂಗಸರನ್ನೇ ಕಣದಿಂದ ಕಳಚಿ ಕಳಿಸಿದರು. ಅಲ್ಲಿ ಹೆಂಗಸರ ಆ ಸ್ಪರ್ಧೆಯೇ ನಿಂತುಹೋಯಿತು. ಗಂಡು ಸತ್ತರೆ ಹೊಸ ಅಂಗಿ. ಹೆಣ್ಣು ಸತ್ತರೆ ಮನೆಗೆ ದಾರಿ.

1930ರ ದಶಕದ ಶುರುವಿನಲ್ಲಿ ಟೆಕ್ಸಾಸಿನ ಸ್ಟ್ಯಾಮ್‌ಫರ್ಡ್‌ನಲ್ಲಿ ಹೆಂಗಸರಿಗೆ ಮರಳಿ ಅಂಕಣ ಸಿಕ್ಕಿತು. ಸುತ್ತಲಿನ ಊರುಗಳು ತಮ್ಮೂರಿನ ಹೆಸರಲ್ಲಿ ಒಬ್ಬೊಬ್ಬ ಹುಡುಗಿಯನ್ನು ಕಳಿಸುವುದು. ಅವಳ ಕುದುರೆ ಹೇಗಿದೆ, ಸವಾರಿ ಹೇಗಿದೆ, ಉಡುಪು ಹೇಗಿದೆ ಎಂದು ಅಂಕ ಕೊಡುವುದು. ಉಡುಪಿಗೂ ಅಂಕ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಾ ಕೊಡುವಂಥದೇ. ಬ್ಯಾರೆಲ್ ಓಟ ಬೆಳೆದದ್ದು ಈ ಸಿಂಗಾರದ ಮಡಿಲಲ್ಲಿ.

1948ರಲ್ಲಿ ಮೂವತ್ತೆಂಟು ಹೆಂಗಸರು ಟೆಕ್ಸಾಸಿನ ಸ್ಯಾನ್ ಆಂಜೆಲೋದಲ್ಲಿ ಸೇರಿ ತಮ್ಮದೇ ಸಂಘ ಕಟ್ಟಿದರು. ಗರ್ಲ್ಸ್ ರೋಡಿಯೋ ಅಸೋಸಿಯೇಷನ್. ಇಂದಿನ ವುಮೆನ್ಸ್ ಪ್ರೊಫೆಷನಲ್ ರೋಡಿಯೋ ಅಸೋಸಿಯೇಷನ್ನಿನ ತಾಯಿಬೇರು ಅದು. ಅವರಿಗೆ ಗಡಿಯಾರ ಬೇಕಿತ್ತು, ನಿಯಮ ಬೇಕಿತ್ತು, ಬಹುಮಾನದ ಹಣ ಬೇಕಿತ್ತು. ನಮ್ಮ ಬಟ್ಟೆ ನೋಡಬೇಡಿ, ಓಟ ನೋಡಿ ಎಂದು ಹಟ ಹಿಡಿದರು. ಪರಂಪರೆಯನ್ನು ಮುರಿದು ಹುಟ್ಟಿದ ಆಟ ಇದು.

ಅವರ ಮೊಮ್ಮಕ್ಕಳು ಇವತ್ತು ಹೆಲ್ಮೆಟ್ ಬೇಡ ಅನ್ನುವುದಕ್ಕೆ ಕೊಡುವ ಕಾರಣ, ಪರಂಪರೆ. ಹ್ಯಾಟಿಲ್ಲದಿದ್ದರೆ ಚೆನ್ನಾಗಿ ಕಾಣುವುದಿಲ್ಲವಂತೆ. ಉಡುಪಿಗೆ ಅಂಕ ಕೊಡುತ್ತಿದ್ದ ಆ ಸ್ಟ್ಯಾಮ್‌ಫರ್ಡಿನ ತೀರ್ಪುಗಾರರು ಸತ್ತು ಎಷ್ಟೋ ಕಾಲವಾಯಿತು. ಇವರು ಇನ್ನೂ ಅವರಿಗೇ ಸಿಂಗಾರ ಮಾಡಿಕೊಳ್ಳುತ್ತಿದ್ದಾರೆ.

ಈ ಹ್ಯಾಟಾದರೂ ಎಲ್ಲಿಯದು? ಪಶ್ಚಿಮದ ಬಯಲಿನ ಆತ್ಮ ಎಂದು ಹಾಡಿ ಹೊಗಳುವ ಈ ವಸ್ತುವನ್ನು 1865ರಲ್ಲಿ ಮಾರುಕಟ್ಟೆಗೆ ತಂದವರು ಜಾನ್ ಬಿ. ಸ್ಟೆಟ್ಸನ್. ಅವರ ಕಾರ್ಖಾನೆ ಇದ್ದದ್ದು ಪೂರ್ವದ ಫಿಲಡೆಲ್ಫಿಯಾ ಪಟ್ಟಣದಲ್ಲಿ. ದನ ಕಾಯುವವನಿಗೆ ಅದು ಬಿಸಿಲು ಮಳೆಗೆ ಕೊಡೆಯಾಗಿತ್ತು, ಒಳ್ಳೆಯದೇ. ಆದರೆ ಡಿಸೆಂಬರಿನಲ್ಲಿ ಲಾಸ್ ವೇಗಸ್ಸಿನಲ್ಲಾಗುವ ರೋಡಿಯೋದ ರಾಷ್ಟ್ರೀಯ ಫೈನಲ್ಸ್ ನಡೆಯುವುದು ರಾತ್ರಿ ಹೊತ್ತು. ಥಾಮಸ್ ಅಂಡ್ ಮ್ಯಾಕ್ ಸೆಂಟರ್ ಎಂಬ ಕ್ರೀಡಾಂಗಣದ ಒಳಗೆ. ತಾರಸಿಯ ಕೆಳಗೆ. ವಿದ್ಯುತ್ ದೀಪದಲ್ಲಿ.

ಯಾವ ಬಿಸಿಲಮ್ಮಾ?

ಕೌಬಾಯ್ ಸಿನಿಮಾಗಳ ನಾಯಕ ಜಾನ್ ವೇನ್ ಹೆಲ್ಮೆಟ್ ಹಾಕಿದ್ದನೇ ಎಂದು ಕೇಳುವವರೂ ಇದ್ದಾರೆ. ಹಾಕಿರಲಿಲ್ಲ. ಬೀಳುವ ಕೆಲಸಕ್ಕೆ ಅವನಿಗೆ ಯಾಕಿಮಾ ಕನೂಟ್ ಎಂಬ ಸಾಹಸಗಾರನಿದ್ದ. 1939ರ 'ಸ್ಟೇಜ್‌ಕೋಚ್'ನಲ್ಲಿ ನಾಯಕನ ಪರವಾಗಿ ಓಡುವ ಕುದುರೆಗಳ ನಡುವೆ ಹಾರಿದ್ದು ಕನೂಟ್. ಅಲ್ಲದೆ ವೇನ್ ಸಾಹೇಬರ ತಲೆಯ ಮೇಲೆ ಬಹಳ ವರ್ಷ ಇದ್ದದ್ದು ವಿಗ್ಗು. ಅವರ ಹ್ಯಾಟಿಗೆ ಕಾಯಲು ಏನಾದರೂ ಇತ್ತು ಅನ್ನೋಣ. ನಿಮ್ಮ ಪರವಾಗಿ ಬೀಳಲು ಯಾರನ್ನು ಇಟ್ಟುಕೊಂಡಿದ್ದೀರಿ?

ಹೆಲ್ಮೆಟ್ ಹಾಕಿದರೆ ಓಟ ನಿಧಾನವಾಗುತ್ತದೆ ಎಂಬ ಇನ್ನೊಂದು ರಾಗವಿದೆ. ಫಾಲನ್ ಟೇಲರ್ ಎಂಬಾಕೆ 2009ರಲ್ಲಿ ಕುದುರೆಯಿಂದ ಬಿದ್ದರು. ತಲೆಬುರುಡೆ ಒಡೆಯಿತು, ಕತ್ತಿನ ಮೂಳೆ ಮುರಿಯಿತು. ಮತ್ತೆ ನಡೆಯುವುದೇ ಅನುಮಾನವಾಗಿತ್ತು. ನಡೆದರು. ಮತ್ತೆ ಹತ್ತಿದರು. ಹೆಲ್ಮೆಟ್ ಹಾಕಿಕೊಂಡು ವೇಗಸ್ಸಿಗೆ ಬಂದರು. 2014ರಲ್ಲಿ ಬ್ಯಾರೆಲ್ ರೇಸಿಂಗ್ ವಿಶ್ವ ಚಾಂಪಿಯನ್ ಆದರು. ಹೆಲ್ಮೆಟ್ಟಿನಲ್ಲೇ. ಹ್ಯಾಟಿನ ಸಿಂಗಾರ ತೊಟ್ಟವರೆಲ್ಲ ಆ ವರ್ಷ ಅವರ ಹಿಂದೆಯೇ ಉಳಿದರು.

ವಾದ ಅಲ್ಲಿಗೆ ಸಾಯಬೇಕಿತ್ತು. ಸಾಯಲಿಲ್ಲ. ಅವರು ವಿಶೇಷದವರು, ಅವರಿಗೆ ಮೊದಲೇ ಪೆಟ್ಟಾಗಿತ್ತು, ಅದಕ್ಕೇ ಹಾಕುತ್ತಾರೆ ಎಂದರು. ಅಂದರೆ ಹೆಲ್ಮೆಟ್ ಹಾಕುವ ಅರ್ಹತೆ ಪಡೆಯಲು ಮೊದಲು ಬುರುಡೆ ಒಡೆದುಕೊಳ್ಳಬೇಕು. ಪರೀಕ್ಷೆ ಸ್ವಲ್ಪ ಕಠಿಣ.

ಇನ್ನು ಕೆಲವರ ಪ್ರಕಾರ ಹೆಲ್ಮೆಟ್ಟಿನಿಂದ ಪ್ರಯೋಜನವೇ ಇಲ್ಲ. ನೋಡಿ, 2023ರಲ್ಲಿ ಹ್ಯಾಟಿನ ಮಹಾರಾಜ, ಗೂಳಿ ಸವಾರ ಜೆ. ಬಿ. ಮೂನಿಯ ಕತ್ತು ಮುರಿದು ವೃತ್ತಿಯೇ ಮುಗಿಯಿತು, ಹೆಲ್ಮೆಟ್ ಇದ್ದಿದ್ದರೆ ಕತ್ತು ಉಳಿಯುತ್ತಿತ್ತೇ ಎನ್ನುತ್ತಾರೆ. ಉಳಿಯುತ್ತಿತ್ತೆಂದು ಯಾರೂ ಹೇಳಿಲ್ಲ. ಹೆಲ್ಮೆಟ್ ಇರುವುದು ತಲೆಗೆ. ಒಳಗಿನ ಗಡುಸು ಫೋಮು ತಾನು ಅಪ್ಪಚ್ಚಿಯಾಗಿ ಹೊಡೆತ ನುಂಗುತ್ತದೆ. ಅದಕ್ಕೇ ಒಂದು ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ಟನ್ನು ಎಸೆದು ಹೊಸದು ಕೊಳ್ಳಬೇಕು. ಅದು ಕತ್ತು ಕಾಯುವುದಿಲ್ಲವೆಂದು ತಲೆಯನ್ನೂ ಬಿಟ್ಟುಕೊಡುವವರು, ಕೊಡೆ ಹಿಡಿದರೂ ಕಾಲು ನೆನೆಯುತ್ತದೆಂದು ಕೊಡೆ ಬಿಸಾಡಿ ನಿಂತವರ ಹಾಗೆ.

ಸೆಕೆಯಂತೆ. ಭಾರವಂತೆ. ಕೂದಲು ಕೆಡುತ್ತದಂತೆ. ಮುಂದೆ ಹೋಗೋಣ.

ಯುರೋಪಿನ ದೊರೆಮಕ್ಕಳ ಆಟ ಡ್ರೆಸಾಜ್. ಕುದುರೆಗೆ ಹೆಜ್ಜೆ ಕಲಿಸಿ ಕುಣಿಸುವುದು. ಅಲ್ಲಿ ಕೌಬಾಯ್ ಹ್ಯಾಟಿಗಿಂತ ಹಳೆಯ, ಅದಕ್ಕಿಂತ ಬಿಗುಮಾನದ ಕಪ್ಪು ಟಾಪ್ ಹ್ಯಾಟು ಮೆರೆಯುತ್ತಿತ್ತು. 2010ರ ಮಾರ್ಚಿನಲ್ಲಿ ಅಮೆರಿಕದ ಒಲಿಂಪಿಕ್ ಸವಾರಳು ಕೋರ್ಟ್ನಿ ಕಿಂಗ್ ಡೈ ಅಭ್ಯಾಸದಲ್ಲಿದ್ದರು. ಕುದುರೆ ಒದೆಯಲಿಲ್ಲ, ಕೆರಳಲಿಲ್ಲ. ಬರೀ ಎಡವಿತು. ಹೆಲ್ಮೆಟ್ ಇರಲಿಲ್ಲ. ಸುಮಾರು ಒಂದು ತಿಂಗಳು ಕೋಮಾ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಶಾರ್ಲಟ್ ದುಜಾರ್ಡಿನ್ ಟಾಪ್ ಹ್ಯಾಟು ಬಿಟ್ಟು ಹೆಲ್ಮೆಟ್ಟಿನಲ್ಲಿ ಚಿನ್ನ ಗೆದ್ದರು. 2021ರ ಜನವರಿಯಿಂದ ಅಂತರರಾಷ್ಟ್ರೀಯ ಕಣದಲ್ಲಿ ಡ್ರೆಸಾಜಿಗೂ ಹೆಲ್ಮೆಟ್ ಕಡ್ಡಾಯ. ದೊರೆಗಳಿಗೆ ತಲೆ ಮುಖ್ಯ ಎಂದು ಹೊಳೆಯಿತು. ದನಗಾಹಿ ಪರಂಪರೆಯವರಿಗೆ ಇನ್ನೂ ಟೋಪಿಯೇ ಮುಖ್ಯ.

ಇಷ್ಟಾದರೂ 'ನನ್ನ ತಲೆ, ನನ್ನ ಇಷ್ಟ' ಎಂದರೆ ಒಪ್ಪುತ್ತೇನೆ. ಟೆಕ್ಸಾಸು ಸ್ವಾತಂತ್ರ್ಯದ ತವರು. ಅಲ್ಲಿ ಇಪ್ಪತ್ತೊಂದು ದಾಟಿದವನು ವೈದ್ಯಕೀಯ ವಿಮೆ ಮಾಡಿಸಿದ್ದರೆ ಮೋಟರ್ ಸೈಕಲ್ಲನ್ನೂ ಬರಿದಲೆಯಲ್ಲಿ ಓಡಿಸಬಹುದು. ತಲೆಗಿಂತ ಬಿಲ್ಲು ಮುಖ್ಯ ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸರ್ಕಾರ ಅಪರೂಪ. ಆದರೆ ನಿನ್ನ ತಲೆ ನಿನ್ನದೇ ಆದರೆ, ಬಿದ್ದ ಮೇಲೆ ಆಸ್ಪತ್ರೆ ಬಿಲ್ಲಿಗೆ ಊರವರ ಮುಂದೆ ಡಬ್ಬಿ ಯಾಕೆ ಕುಲುಕುತ್ತಾರೆ? ಹಣ ಎತ್ತಲು ಅಲ್ಲಿ ಸಹಾಯಾರ್ಥ ಬ್ಯಾರೆಲ್ ರೇಸನ್ನೇ ಏರ್ಪಡಿಸುತ್ತಾರೆ. ಬ್ಯಾರೆಲ್ ರೇಸಿನಲ್ಲಿ ಬಿದ್ದವಳಿಗಾಗಿ ಬ್ಯಾರೆಲ್ ರೇಸು. ಪ್ರಾರ್ಥನೆ ಮಾಡಿ, ಕಣ್ಣೊರೆಸಿಕೊಂಡು, ಹ್ಯಾಟು ಸರಿಮಾಡಿಕೊಂಡು ಓಡುತ್ತಾರೆ.

ಮಕ್ಕಳಿಗಾದರೂ ಕಾನೂನು ಬೇಡವೇ? ಬೇಕು ಎಂದು ಫ್ಲಾರಿಡಾ ರಾಜ್ಯಕ್ಕೆ ಅನ್ನಿಸಿತು. ಕುದುರೆಯಿಂದ ಬಿದ್ದು ಸತ್ತ ಹುಡುಗಿಯೊಬ್ಬಳ ಹೆಸರಿನಲ್ಲೇ 2009ರಲ್ಲಿ ಕಾನೂನು ಬಂತು. ಹದಿನಾರು ತುಂಬದ ಮಕ್ಕಳು ಸಾರ್ವಜನಿಕ ದಾರಿಯಲ್ಲಿ ಸವಾರಿ ಮಾಡುವಾಗ ಹೆಲ್ಮೆಟ್ ಕಡ್ಡಾಯ. ಕೆಳಗೆ ವಿನಾಯಿತಿಗಳ ಪಟ್ಟಿ. ಸ್ವಂತ ಜಮೀನಿಗೆ ವಿನಾಯಿತಿ. ಕೃಷಿ ಕೆಲಸಕ್ಕೆ ವಿನಾಯಿತಿ. ಹೆಲ್ಮೆಟ್ ಧರಿಸುವುದು ಚಾರಿತ್ರಿಕವಾಗಿ ರೂಢಿಯಲ್ಲಿಲ್ಲದ ರೋಡಿಯೋ, ಮೆರವಣಿಗೆಗಳಿಗೂ ವಿನಾಯಿತಿ.

ಇನ್ನೊಮ್ಮೆ ಓದಿ. ಎಲ್ಲಿ ಈವರೆಗೆ ಹೆಲ್ಮೆಟ್ ಹಾಕಿಲ್ಲವೋ ಅಲ್ಲಿ ಮುಂದೆಯೂ ಹಾಕಬೇಕಿಲ್ಲ, ಯಾಕೆಂದರೆ ಈವರೆಗೆ ಹಾಕಿಲ್ಲ. ಶಾಸಕರು ಇದನ್ನು ಕೂತು ಬರೆದರು. ಕೈ ಎತ್ತಿ ಪಾಸು ಮಾಡಿದರು. ನಮ್ಮ ವಿಧಾನಸಭೆಯವರೇ ಜಾಣರೆಂದುಕೊಂಡಿದ್ದೆ.

ನಮ್ಮವರಿಗೂ ಇದರಲ್ಲಿ ಪಾಲಿದೆ. ಹ್ಯೂಸ್ಟನ್, ಡಲ್ಲಾಸುಗಳಲ್ಲಿ ನೆಲೆಸಿದ ಕನ್ನಡಿಗರು ಕಡಿಮೆಯೇನಿಲ್ಲ. ಮಗು ಮನೆ ಮುಂದೆ ಮೂರು ಚಕ್ರದ ಸೈಕಲ್ ತುಳಿದರೂ ತಲೆಗೆ ಹೆಲ್ಮೆಟ್, ಮೊಣಕೈಗೆ ಪ್ಯಾಡು ಕಟ್ಟುವ ತಂದೆತಾಯಿ ಇವರು. ವಾರಾಂತ್ಯಕ್ಕೆ ಮಗಳನ್ನು ಕುದುರೆ ಕ್ಲಾಸಿಗೆ ಕರೆದೊಯ್ದಾಗ ಎಲ್ಲ ಮರೆಯುತ್ತದೆ. 'ಸ್ವಲ್ಪ ಆ ಹೆಲ್ಮೆಟ್ ತೆಗೆಸ್ರೀ, ಹ್ಯಾಟ್ ಹಾಕಿಸಿ, ಫೋಟೋ ಅಜ್ಜಿಗೆ ಕಳಿಸ್ಬೇಕು' ಎನ್ನುತ್ತಾರೆ. ಫೋಟೋ ತುಮಕೂರಿಗೆ ಬರುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಇಡೀ ಪ್ರಕರಣದಲ್ಲಿ ಸುರಕ್ಷತೆಗಾಗಿ ಯಾರಾದರೂ ಏನಾದರೂ ಮಾಡಿದ್ದರೆ ಅದು ಆ ಅಜ್ಜಿಯೊಬ್ಬಳೇ.

ಬೆಂಗಳೂರಿನಲ್ಲಿ ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿಗೆ ತೊಡಿಸಿ ಓಡಾಡಿದವರು ತಾವೆಂದು ಇವರಿಗೆ ನೆನಪಿಸುವುದು ಬೇಡ. ಅಲ್ಲಿ ಪೊಲೀಸಪ್ಪನಾದರೂ ಇದ್ದ. ಕುದುರೆ ಕಣದಲ್ಲಿ ಅವನೂ ಇಲ್ಲ. ಹ್ಯಾಟು ಸಾಕು, ಹೆಲ್ಮೆಟ್ಟೂ ಆದೀತು ಎಂಬಲ್ಲಿಗೆ ಬಹುಪಾಲು ಸಂಘಗಳ ಧೈರ್ಯ ಮುಗಿಯುತ್ತದೆ.

ಆದ್ದರಿಂದ ಅಮೆರಿಕದಲ್ಲಿರುವ ತಂದೆತಾಯಿಗಳೇ, ಮಗಳನ್ನು ಸವಾರಿ ಕಲಿಯಲು ಸೇರಿಸುವ ಮುಂಚೆ ಕೊಟ್ಟಿಗೆ ನೋಡಬೇಡಿ, ಕುದುರೆಯ ವಂಶಾವಳಿ ಕೇಳಬೇಡಿ, ಗೋಡೆಯ ಮೇಲಿನ ಟ್ರೋಫಿ ಎಣಿಸಬೇಡಿ. ಕಲಿಸುವವರು ಕುದುರೆ ಹತ್ತುವಾಗ ಅವರ ತಲೆಯ ಮೇಲೆ ಏನಿದೆ ನೋಡಿ. ಹ್ಯಾಟಿದ್ದರೆ ಫೀಸು ಕಟ್ಟಬೇಡಿ. ಕಾರು ತಿರುಗಿಸಿ.